ರಂಗದ ಉತ್ತರಾಧಿಕಾರ: ಕೆರೆಮನೆ ಮತ್ತು ಗುಬ್ಬಿ

ನಟನೊಬ್ಬನ ರಂಗಸಂಪತ್ತು ಅವನ ಸಂತತಿಯಲ್ಲಿ ಯಾರಿಗೆ ಸಲ್ಲುತ್ತದೆ ಎಂಬುದನ್ನು ರಕ್ತಸಂಬಂಧದಷ್ಟೇ ರಂಗನಿಯಮವೂ ನಿರ್ಧರಿಸುತ್ತದೆ. ಹೊನ್ನಾವರ ತಾಲ್ಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳವು ಮಗ ಶಂಭು ಹೆಗಡೆ, ಅನಂತರ ಮೊಮ್ಮಗ ಶಿವಾನಂದ ಹೆಗಡೆಯವರಿಗೆ ಬಂದಿತು. ಸ್ತ್ರೀವೇಷವನ್ನೂ ಪುರುಷರೇ ಧರಿಸುತ್ತಿದ್ದ ಯಕ್ಷಗಾನ ಮೇಳಗಳ ಪರಂಪರೆಯಲ್ಲಿ ಮಗಳಿಗೆ ವೇಷವಿರಲಿಲ್ಲ. ವೇಷವಿಲ್ಲದವಳಿಗೆ ಮೇಳದ ಯಜಮಾನಿಕೆಯೂ ದೂರವೇ. ನಟಿಯರಿಗೆ ರಂಗವನ್ನು ತೆರೆದ ಗುಬ್ಬಿ ಕಂಪನಿಯಲ್ಲಿ ಹಾಗಾಗಲಿಲ್ಲ. ವೀರಣ್ಣನವರ ಮಗಳು ಮಾಲತಮ್ಮ ಅಭಿನೇತ್ರಿಯಾದರು. ಮಾಲತಮ್ಮನವರ ಮಗಳು ಬಿ. ಜಯಶ್ರೀ 1976ರಲ್ಲಿ ‘ಸ್ಪಂದನ’ ತಂಡವನ್ನು ಕಟ್ಟಿದರು. ಶಂಭು ಹೆಗಡೆಯವರು ಗುಣವಂತೆಯಲ್ಲಿ ಆರಂಭಿಸಿದ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವು ಕಲಿಕೆಯನ್ನು ಮನೆತನದ ಆಚೆಗೆ ಒಯ್ದಿತು. ಆದರೂ ಮೇಳದ ಚರಿತ್ರೆಯನ್ನು ತಂದೆ-ಮಗನ ಕಥೆಯಾಗಿ ಮಾತ್ರ ಓದುವ ವಿಮರ್ಶೆಯು, ಆ ಮನೆಗಳ ಹೆಣ್ಣುಮಕ್ಕಳು ರಂಗದಿಂದ ಹೊರಗುಳಿದುದರ ಕಾರಣವನ್ನು ಕೇಳದೆ ಅಪೂರ್ಣವಾಗಿಯೇ ಉಳಿಯುತ್ತದೆ.