ಕಡೆಯಲ್ಲಿ ನಿಲ್ಲುವ ಕ್ರಿಯಾಪದ

ಡಚ್ ಭಾಷೆಯನ್ನು ಕಲಿಯತೊಡಗುವ ಕನ್ನಡಿಗನು ಸಾಮಾನ್ಯವಾಗಿ ಇಂಗ್ಲಿಷಿನ ಕೈಹಿಡಿದೇ ಅದನ್ನು ಪ್ರವೇಶಿಸುತ್ತಾನೆ. ಅವೆರಡೂ ಜರ್ಮಾನಿಕ್ ಕುಲದವಾದುದರಿಂದ ಇದು ಸಹಜವೆಂದು ತೋರಿದರೂ, ವಾಕ್ಯರಚನೆಯ ವಿಷಯದಲ್ಲಿ ಅವನಿಗೆ ನಿಜವಾಗಿ ಒದಗತಕ್ಕದ್ದು ಹುಟ್ಟಿನಿಂದ ಬಂದ ಕನ್ನಡದ ಕಿವಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಶಕ್ತಿ, ಅನುಮತಿ, ಅಗತ್ಯ, ಇಚ್ಛೆ, ಭವಿಷ್ಯತ್ತುಗಳನ್ನು ಕ್ರಮವಾಗಿ ಸೂಚಿಸುವ ಕುನ್ನೆನ್, ಮೋಖೆನ್, ಮೂತೆನ್, ವಿಲ್ಲೆನ್, ಜುಲ್ಲೆನ್ ಎಂಬ ಸಹಾಯಕ ಕ್ರಿಯಾಪದಗಳಲ್ಲಿ ಇದು ಎಲ್ಲಕ್ಕಿಂತ ಸ್ಫುಟವಾಗಿ ಕಾಣುತ್ತದೆ.

‘ಇಕ್ ವಿಲ್ ಮೋರ್ಖೆನ್ ಎನ್ ಬೂಕ್ ಕೋಪೆನ್’ ಎಂದರೆ ‘ನಾನು ನಾಳೆ ಒಂದು ಪುಸ್ತಕವನ್ನು ಕೊಳ್ಳಬಯಸುತ್ತೇನೆ’. ಬಯಕೆಯ ‘ವಿಲ್’ ಎರಡನೆಯ ಸ್ಥಾನವನ್ನು ಹಿಡಿದರೆ, ಕೊಳ್ಳುವ ‘ಕೋಪೆನ್’ ವಾಕ್ಯದ ಕಡೆಗೆ ಹೋಗಿ ನಿಲ್ಲುತ್ತದೆ. ಕಾಲ, ಕರ್ಮಗಳೆಲ್ಲವೂ ನಡುವೆ ಬಂಧಿತವಾಗುವ ಈ ವಿನ್ಯಾಸವನ್ನು ಡಚ್ ವೈಯಾಕರಣರು ಇಕ್ಕುಳದ ರಚನೆಯೆಂದೇ ಕರೆಯುತ್ತಾರೆ. ‘ನಾಳೆ’ಯನ್ನು ಮೊದಲಿಗೆ ತಂದರೆ ‘ಮೋರ್ಖೆನ್ ವಿಲ್ ಇಕ್’ ಎಂದಾಗಿ ಕರ್ತೃಪದವು ಹಿಂದೆ ಸರಿಯುವುದೇ ಹೊರತು ‘ವಿಲ್’ ತನ್ನ ಸ್ಥಾನವನ್ನು ಬಿಟ್ಟುಕೊಡದು.

ಆದರೆ ‘ಏಕೆಂದರೆ’ ಎಂಬರ್ಥದ ‘ಒಮ್‌ದಾತ್’ನಿಂದ ಉಪವಾಕ್ಯವು ಆರಂಭವಾಯಿತೋ, ಆ ‘ವಿಲ್’ ಕೂಡ ಕಡೆಗೇ ಬಂದು ಸೇರುತ್ತದೆ: ‘ಒಮ್‌ದಾತ್ ಇಕ್ ಮೋರ್ಖೆನ್ ಎನ್ ಬೂಕ್ ವಿಲ್ ಕೋಪೆನ್’. ‘ಕೋಪೆನ್ ವಿಲ್’ ಎಂದರೂ ಸಾಧುವೇ. ಆಗಲಂತೂ ಪದಗಳ ಕ್ರಮವು ನಮ್ಮ ‘ಕೊಳ್ಳಬಯಸುವ’ ಕ್ರಮವೇ ಆಗಿಬಿಡುತ್ತದೆ. ಡಚ್ಚಿನ ಮೂಲ ಪದಕ್ರಮವು ಕರ್ತೃ, ಕರ್ಮ, ಕ್ರಿಯೆ ಎಂಬುದೇ ಆಗಿದ್ದು, ಪ್ರಧಾನವಾಕ್ಯದ ಕ್ರಮವು ಅದರಿಂದ ಸಾಧಿತವಾದುದೆಂದು ಭಾಷಾವಿಜ್ಞಾನಿ ಯಾನ್ ಕೋಸ್ಟರ್ 1975ರಲ್ಲಿ ಪ್ರತಿಪಾದಿಸಿದರು. ಕನ್ನಡಿಗನಿಗೆ ಇದಕ್ಕಿಂತ ಆಶ್ವಾಸಕರವಾದ ಸಿದ್ಧಾಂತ ಬೇರೊಂದಿಲ್ಲ.

ನಿಷೇಧದಲ್ಲಿಯೂ ನಮ್ಮ ನುಡಿಯ ವಿವೇಕವು ನೆರವಿಗೆ ಬರುತ್ತದೆ. ‘ಯೆ ಮಾಖ್ ನೀತ್ ಕೋಮೆನ್’ ಎಂದರೆ ‘ನೀನು ಬರಕೂಡದು’. ‘ಯೆ ಹೂಫ್ತ್ ನೀತ್ ತೆ ಕೋಮೆನ್’ ಎಂದರೆ ‘ನೀನು ಬರಬೇಕಾಗಿಲ್ಲ’. ಮೇಲಿನ ಐದು ಪದಗಳ ಬಳಿಕ ಬಾರದ ‘ತೆ’ ಎಂಬ ಅವ್ಯಯವು ಈ ‘ಹೂಫೆನ್’ ಕ್ರಿಯಾಪದದೊಡನೆ ಅವಶ್ಯವಾಗಿ ಬರುವುದನ್ನು ಮರೆಯಲಾಗದು.

ಪಾಠಪುಸ್ತಕಗಳು ಉಪವಾಕ್ಯವನ್ನು ಸಾಮಾನ್ಯವಾಗಿ ಬಹಳ ತಡವಾಗಿ ಪರಿಚಯಿಸುತ್ತವೆ. ನಮ್ಮವರು ಅಷ್ಟು ಕಾಯಬೇಕಾದುದಿಲ್ಲ. ಕಲಿತ ಪ್ರತಿಯೊಂದು ವಾಕ್ಯವನ್ನೂ ಮೊದಲ ವಾರದಿಂದಲೇ ‘ಒಮ್‌ದಾತ್’ ಸೇರಿಸಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ಅಭ್ಯಾಸಮಾಡಿರೆಂದು ಓದುಗರಲ್ಲಿ ನನ್ನ ವಿನಂತಿ.