ಪುಣ್ಯಕೋಟಿಯ ಭಾಷೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಬಂಡೆಶಾಸನವಿದೆ. ಇದನ್ನೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನೂ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ತಾಯಿತಂದೆಯರ ಮಾತನ್ನು ನಡೆಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಅದರ ಒಂದು ಭಾಗದ ತಾತ್ಪರ್ಯ. ಇದೇ ಸೀಮೆಯ ಚಳ್ಳಕೆರೆಯ ಕಾವಲುಗಳಲ್ಲಿ ಮ್ಯಾಸನಾಯಕರೂ ಕಾಡುಗೊಲ್ಲರೂ ತಲೆತಲಾಂತರದಿಂದ ದನ ಮೇಯಿಸಿಕೊಂಡು ಬಂದಿದ್ದಾರೆ. ‘ಗೋವಿನ ಹಾಡು’ ಈ ಸೀಮೆಯದೆಂದು ನಾನು ಹೇಳುತ್ತಿಲ್ಲ, ಅದು ಕನ್ನಡಿಗರೆಲ್ಲರದು. ಆದರೆ ಈ ಬಂಡೆಯ ಪಕ್ಕದಲ್ಲಿರಿಸಿ ಓದಿದಾಗ ಒಂದು ಸೂಕ್ಷ್ಮ ಭೇದ ಗೋಚರವಾಗುತ್ತದೆ.

ಸತ್ಯವನ್ನು ನುಡಿಯುವುದೆಂದರೆ ಸಾಮಾನ್ಯವಾಗಿ ಇದ್ದುದನ್ನು ಇದ್ದಂತೆ ಹೇಳುವುದು. ಪುಣ್ಯಕೋಟಿಯಾದರೋ ಇನ್ನೂ ಇಲ್ಲದುದನ್ನು ಹೇಳಿದಳು. ಹಿಂದಿರುಗಿ ಬರುವೆನೆಂದು ಅವಳು ಹುಲಿಯೆದುರು ಆಡಿದ ಮಾತು ಆ ಕ್ಷಣದಲ್ಲಿ ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಕರುವಿಗೆ ಮೊಲೆಯುಣಿಸಿ, ಬಂದ ದಾರಿಯಲ್ಲೇ ನಡೆದು ಗವಿಯ ಬಾಗಿಲಲ್ಲಿ ನಿಂತಾಗ ಅದು ಸತ್ಯವಾಯಿತು. ಕನ್ನಡದಲ್ಲಿ ‘ಭಾಷೆ’ ಎಂದರೆ ಆಡುವ ನುಡಿಯೂ ಹೌದು, ಕೊಟ್ಟ ಮಾತೂ ಹೌದು. ‘ವಚನ’ಕ್ಕೂ ಈ ಎರಡು ಅರ್ಥಗಳುಂಟು; ಶರಣರ ನುಡಿಗಳಿಗೆ ಆ ಹೆಸರೇ ನಿಂತುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ.

ಶಾಲೆಯಲ್ಲಿ ಈ ಹಾಡನ್ನು ಬಾಯಿಪಾಠ ಮಾಡಿದವರು ಹೆಚ್ಚಾಗಿ ಮೆಚ್ಚುವುದು ಅದರ ಕೊನೆಯನ್ನು: ಹುಲಿ ಪರಿತಪಿಸಿ ಪ್ರಾಣಬಿಟ್ಟಿತು, ಹಸು ಉಳಿಯಿತು. ಈ ಮೆಚ್ಚುಗೆ ನನಗೆ ಒಪ್ಪಿಗೆಯಿಲ್ಲ. ಹುಲಿ ಅವಳನ್ನು ತಿಂದೇಬಿಟ್ಟಿದ್ದರೂ ಕೊಟ್ಟ ಭಾಷೆಗೆ ಯಾವ ಕುಂದೂ ಬರುತ್ತಿರಲಿಲ್ಲ. ಕಾವ್ಯದ ತಿರುಳಿರುವುದು ದೊಡ್ಡಿಯ ಸನ್ನಿವೇಶದಲ್ಲಿ. ತನಗೆ ಹಾಲು ಕೊಡುವವರಾರು, ತಾನು ಯಾರ ಬಳಿ ಮಲಗಬೇಕು ಎಂದು ಕರು ಕೇಳುತ್ತದೆ. ಸತ್ಯದ ಹಿರಿಮೆಯನ್ನು ಎಷ್ಟು ಕೊಂಡಾಡಿದರೂ ಈ ಪ್ರಶ್ನೆಗೆ ಉತ್ತರವಾಗದು. ಭಾಷೆ ಕೊಟ್ಟವಳು ತಾಯಿ, ತಬ್ಬಲಿಯಾಗುವುದು ಕರು. ಹಾಗೆ ಕೊಡಲು ಅವಳಿಗೆ ಅಧಿಕಾರವಿತ್ತೇ?

ಹಾಡು ಕಟ್ಟಿದವರು ಈ ತೊಡಕನ್ನು ಮರೆಮಾಚಿಲ್ಲ. ಪುಣ್ಯಕೋಟಿ ಜೊತೆಯ ಹಸುಗಳನ್ನು ಕರೆದು, ಕಂದನನ್ನು ಹಾಯದೆ ಒದೆಯದೆ ತಮ್ಮದೆಂದೇ ಕಾಣಬೇಕೆಂದು ಬೇಡಿಕೊಳ್ಳುತ್ತಾಳೆ. ತನ್ನ ಮಾತು ಉಳಿಯಬೇಕಾದರೆ ಇತರರ ಮಾತೂ ಬೇಕಾಯಿತು. ಹಾಡನ್ನು ಮೊಟಕುಗೊಳಿಸುವ ಭರದಲ್ಲಿ ಈ ಭಾಗವನ್ನು ಬಿಟ್ಟುಬಿಡುವವರು ಪುಣ್ಯಕೋಟಿಯನ್ನು ಕಲ್ಲಿನ ಬೊಂಬೆಯಾಗಿಸುತ್ತಾರೆ.

ಹುಲಿಗೂ ನ್ಯಾಯ ಸಂದಿಲ್ಲ. ಹಸಿದ ಪ್ರಾಣಿ ಕೈಗೆ ಸಿಕ್ಕಿದ ಆಹಾರವನ್ನು ಬರಿಯ ಮಾತಿನ ಮೇಲೆ ಬಿಟ್ಟುಕೊಟ್ಟಿತಲ್ಲವೆ? ದೊಡ್ಡಿ ಸೇರಿದ ಮೇಲೆ ಹಸುವನ್ನು ಎಳೆದು ತರುವ ಉಪಾಯ ಅದಕ್ಕಿರಲಿಲ್ಲ. ಪಡೆಯಬೇಕಾದುದನ್ನು ಪಡೆದಾದ ಮೇಲೂ ಯಾರ ಬಲವಂತವೂ ಇಲ್ಲದೆ ಹಿಂದಿರುಗಿದುದೇ ಪುಣ್ಯಕೋಟಿಯ ದೊಡ್ಡಸ್ತಿಕೆ.

ಹರಕೆಯನ್ನು ದೇವರೊಡನೆ ಮಾಡುವ ವ್ಯಾಪಾರವೆಂದು ಹಳಿಯುವ ವಿಚಾರವಂತರು ಫಾಲ್ಗುಣದಲ್ಲೊಮ್ಮೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಗೆ ಹೋಗಿ, ತಿಪ್ಪೇರುದ್ರಸ್ವಾಮಿಯ ರಥೋತ್ಸವದಲ್ಲಿ ಕೊಬ್ಬರಿ ಸುಡುವ ಭಕ್ತರನ್ನು ನೋಡಬೇಕು. ಹರಕೆ ಹೊತ್ತ ದಿನ ಕಾಡಿದ್ದ ಮಗುವಿನ ಜ್ವರ ಬಿಟ್ಟು ತಿಂಗಳುಗಳೇ ಕಳೆದಿರುತ್ತವೆ. ವಸೂಲಿಗೆಂದು ಯಾರೂ ಮನೆಬಾಗಿಲಿಗೆ ಬಂದಿರುವುದಿಲ್ಲ. ಆದರೂ ತಂದೆಯಾದವನು ಕೊಬ್ಬರಿಯ ಗಂಟನ್ನು ಹೆಗಲಿಗೇರಿಸಿ ಬಿಸಿಲಿನಲ್ಲಿ ಹಟ್ಟಿಯ ದಾರಿ ಹಿಡಿಯುತ್ತಾನೆ.