ಕಂಸಾಳೆಯ ಲಯ ಮತ್ತು ಸಂಕಮ್ಮನ ಕಥನ: ನಗರದ ಕುಣಿತದ ಸಂಗೀತವನ್ನು ಕುರಿತು

ಕನ್ನಡದ ಜನಪದ ಮಟ್ಟುಗಳನ್ನು ಗಿಟಾರು, ಡ್ರಮ್ಸು ಹಾಗೂ ಗಣಕಯಂತ್ರದ ನಾದಗಳೊಡನೆ ಬೆಸೆದ ನಗರದ ಕುಣಿತದ ಸಂಗೀತವು ಕಳೆದ ಎರಡು ದಶಕಗಳಲ್ಲಿ ಹೊರದೇಶಗಳ ಕೇಳುಗರನ್ನೂ ತಲುಪಿದೆ. ಈ ಬೆಳವಣಿಗೆಯನ್ನು ಕುರಿತು ಎರಡು ಬಗೆಯ ಪ್ರತಿಕ್ರಿಯೆಗಳಿವೆ. ನಮ್ಮದು ಜಗತ್ತಿಗೆ ಸಂದಿತೆಂಬ ಹೆಮ್ಮೆ ಒಂದು. ಪರಂಪರೆ ಕೆಟ್ಟಿತೆಂಬ ಆತಂಕ ಇನ್ನೊಂದು. ಹಾಡು ತನ್ನ ಮೂಲ ಕಥನದಿಂದ ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟುಕೊಟ್ಟಿತು ಎಂಬ ವಿಮರ್ಶೆಯ ಮೂಲಭೂತ ಪ್ರಶ್ನೆಯನ್ನು ಇವೆರಡೂ ಕೇಳುವುದಿಲ್ಲ. ಮಾದೇಶ್ವರ ಪರಂಪರೆಗೆ ಸಂಬಂಧಿಸಿದ ಮೂರು ಹಾಡುಗಳನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿ ಹಾಗೂ ನೆರೆಯ ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ ತಾಲ್ಲೂಕುಗಳು ಸೋಮನ ಕುಣಿತ, ಪೂಜಾ ಕುಣಿತ, ತಮಟೆಗಳ ಸೀಮೆ. ಎಚ್.ಎಲ್. ನಾಗೇಗೌಡ ಮತ್ತು ಜೀ.ಶಂ. ಪರಮಶಿವಯ್ಯ ಅವರಂತಹ ಜಾನಪದ ವಿದ್ವಾಂಸರು ಬಂದದ್ದು ಈ ನಾಗಮಂಗಲದ ನೆಲದಿಂದಲೇ. ಮಾದಪ್ಪನ ಬೆಟ್ಟಕ್ಕೆ ನಡೆದುಕೊಳ್ಳುವ ಒಕ್ಕಲುಗಳು ಇಲ್ಲಿಯೂ ಇವೆ. ಈ ಊರುಗಳಿಂದ ಬೆಂಗಳೂರಿಗೆ ದುಡಿಮೆಗೆ ಹೋದವರ ಮಕ್ಕಳು ಇಂದು ನಗರದ ಕೇಳುಗರಲ್ಲಿ ಸೇರಿದ್ದಾರೆ. ಆದುದರಿಂದ ಈ ಸಂಗೀತವನ್ನು ಹೊರಗಿನಿಂದ ಬಂದುದೆಂದು ತಳ್ಳಿಹಾಕುವುದು ಸಾಧುವಲ್ಲ.

ಕಂಸಾಳೆಯು ಕಂಚಿನ ತಾಳಗಳ ಜೋಡಿ. ಬಟ್ಟಲಿನಾಕಾರದ ತಾಳ ಒಂದು ಕೈಯಲ್ಲಿದ್ದರೆ, ದಾರ ಕಟ್ಟಿದ ಚಪ್ಪಟೆ ತಾಳ ಮತ್ತೊಂದು ಕೈಯಲ್ಲಿರುತ್ತದೆ. ಬೀಸು ಕಂಸಾಳೆಯಲ್ಲಿ ಈ ತಾಳವನ್ನು ಬೀಸಿ ಹೊಡೆಯುತ್ತ ಕುಣಿಯುತ್ತಾರೆ. ದೇವರಗುಡ್ಡರು ಹಾಡುವ ಮಾದೇಶ್ವರ ಕಾವ್ಯದಲ್ಲಾದರೋ ಇದು ಕಥೆಯನ್ನು ಹೊತ್ತು ಸಾಗುವ ಲಯ. ಕಾವ್ಯವು 'ಸಾಲು'ಗಳಾಗಿ ವಿಭಜನೆಗೊಂಡಿದ್ದು, ಅವುಗಳಲ್ಲಿ ಸಂಕಮ್ಮನ ಸಾಲು ಅತ್ಯಂತ ತೀಕ್ಷ್ಣವಾದುದು. ಕಾಡಿಗೆ ಹೊರಟ ಗಂಡ ನೀಲಯ್ಯ ಹೆಂಡತಿಯ ಶೀಲಕ್ಕೆ ಬಲಗೈ ಭಾಷೆ ಕೇಳುತ್ತಾನೆ; ಸಂಕಮ್ಮ ಕೊಡಲು ಒಪ್ಪುವುದಿಲ್ಲ. ಅವನು ಅವಳನ್ನು ಹಿಂಸಿಸಿ, ಬಂಧನದಲ್ಲಿಟ್ಟು ಹೋಗುತ್ತಾನೆ. ಭಿಕ್ಷೆಗೆ ಬರುವ ಜಂಗಮನ ರೂಪದಲ್ಲಿ ಮಾದೇಶ್ವರ ಅಲ್ಲಿಗೆ ಬರುತ್ತಾನೆ. ಭಾಷೆ ಕೊಡದ ಹೆಣ್ಣಿನ ಪರವಾಗಿ ದೇವರೇ ನಿಲ್ಲುವುದು ಈ ಸಾಲಿನ ತಿರುಳು.

ಮೊದಲನೆಯ ಹಾಡು ಟಿ.ಎಸ್. ನಾಗಾಭರಣ ನಿರ್ದೇಶನದ 'ಜನುಮದ ಜೋಡಿ' (1996) ಚಿತ್ರದ 'ಕೋಲುಮಂಡೆ'. ವಿ. ಮನೋಹರ್ ಅವರ ಸಂಗೀತ, ಎಲ್.ಎನ್. ಶಾಸ್ತ್ರಿ ಅವರ ಕಂಠ ಈ ಹಾಡನ್ನು ಪರಂಪರೆಯ ಪರಿಚಯವಿಲ್ಲದ ಮನೆಗಳಿಗೂ ಮುಟ್ಟಿಸಿದವು. ಸಾಲಿನ ಪೂರ್ಣಕಥೆ ಚಿತ್ರದಲ್ಲಿಲ್ಲ. ಆದರೂ ಬಾಗಿಲಿಗೆ ಬಂದ ಜಂಗಮನ ಚಿತ್ರ ಹಾಗೂ ಆಡುಮಾತಿನ ಘನತೆ ಉಳಿದಿವೆ.

ಎರಡನೆಯದು ರಘು ದೀಕ್ಷಿತ್ ಸಂಗೀತ ನೀಡಿ ಹಾಡಿದ 'ಸೈಕೋ' (2008) ಚಿತ್ರದ 'ನಿನ್ನ ಪೂಜೆಗೆ ಬಂದೆ ಮಹದೇಶ್ವರ'. ಇಲ್ಲಿ ಸಾಲಿನ ಕಥೆಯಿಲ್ಲ. ದೇವರೊಡನೆ ಸಲಿಗೆಯಿಂದ ಮಾತಾಡುವ ಭಕ್ತನ ದನಿ ಇದೆ. ಆ ಸಲಿಗೆ ಜನಪದದ್ದೇ. ಶಿಶುನಾಳ ಶರೀಫರ ತತ್ವಪದಗಳನ್ನೂ ಹಾಡುತ್ತ ಬಂದ ಈ ಗಾಯಕರು 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿಗೆ ಪಾತ್ರರಾದರು. ಕನ್ನಡವರಿಯದ ಸಭೆಗಳು ಕನ್ನಡ ಹಾಡಿಗೆ ಕುಣಿದವು. ಪದ ತಲುಪದ ಕಡೆ ಲಯ ತಲುಪಿತು.

ಮೂರನೆಯದು ಚಂದನ್ ಶೆಟ್ಟಿ ಅವರ 2020ರ ರ‍್ಯಾಪ್ ಶೈಲಿಯ 'ಕೋಲುಮಂಡೆ'. ದೃಶ್ಯದಲ್ಲಿ ಸಂಕಮ್ಮನನ್ನು ಚಿತ್ರಿಸಿದ ರೀತಿಗೆ ಮಾದೇಶ್ವರನ ಭಕ್ತರು ಆಕ್ಷೇಪಿಸಿದರು. ಕಲಾವಿದರು ಕ್ಷಮೆ ಕೋರಿದರು. ಯೂಟ್ಯೂಬಿನಿಂದ ದೃಶ್ಯಗೀತೆಯನ್ನು ತೆಗೆಯಲಾಯಿತು. ಚರ್ಚೆಯು ಭಾವನೆಗೆ ಧಕ್ಕೆಯಾಯಿತೆಂಬಲ್ಲಿಗೆ ನಿಂತಿತು. ವಿಮರ್ಶೆ ಅಲ್ಲಿಗೆ ನಿಲ್ಲಲಾಗದು. ಕುಣಿತವಾಗಲಿ, ರ‍್ಯಾಪ್ ಆಗಲಿ ಇಲ್ಲಿ ದೋಷವಲ್ಲ. ಲಯಬದ್ಧ ಮಾತುಗಾರಿಕೆ ದೇವರಗುಡ್ಡರಿಗೂ ಹೊಸದಲ್ಲ. ತನ್ನ ಮೈಯ ಮೇಲೆ ಬೇರೊಬ್ಬರ ಅನುಮಾನದ ಅಧಿಕಾರವನ್ನು ಒಪ್ಪದ ಹೆಣ್ಣೇ ನೋಟದ ವಸ್ತುವಾಗಿ ಕಂಡಳೆಂಬುದು ನಿಜವಾದ ತೊಡಕು. ಭಕ್ತರು ಅದನ್ನು ದೇವತೆಯ ಅವಮಾನವೆಂದು ಕಂಡರು. ಕಾವ್ಯದ ಓದುಗರಿಗೆ ಅದು ಅರ್ಥದ ತಲೆಕೆಳಗು.

ಇತರ ದೇಶಗಳ ಉದಾಹರಣೆಯನ್ನೂ ಇಲ್ಲಿ ನೆನೆಯಬಹುದು. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಗಳಲ್ಲಿ ಹುಟ್ಟಿದ ಹಿಪ್‌ಹಾಪ್, ದಕ್ಷಿಣ ಆಫ್ರಿಕದ ಕಪ್ಪು ಜನರ ಬಡಾವಣೆಗಳಲ್ಲಿ ಬೆಳೆದ ಅಮಾಪಿಯಾನೊ ಜಗತ್ತನ್ನು ಮುಟ್ಟಿದ್ದು ಮೊದಲು ಲಯದ ಬಲದಿಂದಲೇ. ಲಯ ಹಗುರ, ಗಡಿ ದಾಟುತ್ತದೆ. ಕಥೆ ಭಾರ, ಅದನ್ನು ಹೊರುವವರು ಬೇಕು.

ನಮ್ಮಲ್ಲಿ ಆ ಹೊರೆಯನ್ನು ಹೊರುವ ಸಾಧನಗಳಿಲ್ಲದಿಲ್ಲ. ಪಿ.ಕೆ. ರಾಜಶೇಖರ ಅವರ ಸಂಗ್ರಹವಿದೆ. ಹೆಬ್ಬಣಿ ಮಾದಯ್ಯನವರ ಹಾಡಿಕೆಯನ್ನು ಆಧರಿಸಿ ಕೆ. ಕೇಶವನ್ ಪ್ರಸಾದ್ ಸಂಪಾದಿಸಿ, ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಪಠ್ಯವಿದೆ. ಅದರ ಇಂಗ್ಲಿಷ್ ಅನುವಾದವೂ ಬಂದಿದೆ. ನಗರದ ಸಂಗೀತಗಾರರು ಮಟ್ಟಿನ ಜೊತೆಗೆ ಈ ಪಠ್ಯಗಳನ್ನೂ ಎದುರುಗೊಳ್ಳಬೇಕು. ಸಾಲನ್ನು ಇಂದಿಗೂ ಬಾಯಲ್ಲಿ ಉಳಿಸಿಕೊಂಡಿರುವ ಗುಡ್ಡರ ಹೆಸರು ಮತ್ತು ಸಂಭಾವನೆಗಳು ಹಾಡಿನೊಡನೆ ಸಾಗಬೇಕು. ಜಗತ್ತು ನಮ್ಮ ತಾಳಕ್ಕೆ ಕುಣಿಯಲಿ. ಭಾಷೆ ಕೊಡಲೊಪ್ಪದ ಸಂಕಮ್ಮನ ಮಾತು ಆ ತಾಳದೊಳಗೆ ಕೇಳುವಷ್ಟು ಎಡೆಯಿದ್ದಾಗ ಮಾತ್ರ, ಹೋದದ್ದು ನಮ್ಮ ಹಾಡೆಂದು ಹೇಳಲು ಬರುತ್ತದೆ.